ದೋಣಿಯ ಕಪ್ಪು ಮೀಸೆ

ಮರ್ಸೆಟ್ಟಾದ ದೋಣಿಗಳಿಗೆ ಕಣ್ಣೂ ಇದೆ, ಮೀಸೆಯೂ ಇದೆ. ಕಣ್ಣು ಅಂದರೆ ಮೂತಿಯ ಎರಡೂ ಕಡೆ ಮರದಲ್ಲಿ ಕೆತ್ತಿ ಕೂರಿಸಿದ್ದು. ಮೀಸೆ ಅಂದರೆ ಆ ಕಣ್ಣಿನ ಮಗ್ಗುಲಲ್ಲಿ ಮೂತಿಯಿಂದ ಹಿಂದಕ್ಕೆ ಎಳೆದ ಅಗಲವಾದ ಪಟ್ಟಿ. ಮೈಗೆ ನೀಲಿ, ಹಸಿರು, ಕೆಂಪು, ಯಾರಿಗೆ ಯಾವ ಬಣ್ಣ ಬೇಕೋ ಬಳಿದುಕೊಳ್ಳಬಹುದು. ಮೀಸೆ ಮಾತ್ರ ಊರಿಗೆ ಸೇರಿದ್ದು. ಮರ್ಸೆಟ್ಟಾದ ಮೀಸೆ ಹಳದಿ. ನಡುಗಡಲಿನಲ್ಲಿ ಸಿಕ್ಕರೂ ಇವನು ನಮ್ಮವನು ಎಂದು ಗೊತ್ತಾಗಬೇಕು, ಅಷ್ಟೇ. ಮನೆಯಲ್ಲಿ ಸಾವಾದರೆ ಆ ಹಳದಿಯ ಮೇಲೆ ಕಪ್ಪು ಬಳಿಯುತ್ತಾರೆ. ಮನೆ ಅಂದರೆ ಹೆತ್ತವರು, ಹೆಂಡತಿ ಮಕ್ಕಳು, ಒಡಹುಟ್ಟಿದವರು. ಅದರಾಚೆಯ ನೆಂಟರಿಗೆ ಮೇಣದ ಬತ್ತಿ ಸಾಕು. ಬಳಿದ ಕಪ್ಪು ಒಂದು ವರ್ಷ ಇರಬೇಕು. ಗಂಡಸು ನಾಲ್ಕು ಜನರ ಎದುರು ಅಳಬಾರದು ಎಂದು ನಂಬಿದ ಜನ, ಆ ಕೆಲಸವನ್ನು ದೋಣಿಗೆ ಒಪ್ಪಿಸಿಬಿಟ್ಟಿದ್ದಾರೆ. ನನ್ನನ್ನು ಕೇಳಿದರೆ ಇದಕ್ಕಿಂತ ದೊಡ್ಡ ಜಾಣತನ ನಾನು ಬೇರೆಲ್ಲೂ ಕಂಡಿಲ್ಲ.

ವಿಸ್ತಿನ್ ಮಲ್ಲಿಯಾ ಆ ಬುಧವಾರ ಬೆಳಗಿನ ಜಾವ ಮೂರು ದಿನದ ಬೇಟೆ ಮುಗಿಸಿ ದಕ್ಕೆಗೆ ಬಂದ. ಅಕ್ಟೋಬರ್ ಕೊನೆ. ತಾಳೆಗರಿಯ ತೆಪ್ಪ ತೇಲಿಬಿಟ್ಟು, ಅದರ ನೆರಳಿಗೆ ಬಂದು ಸೇರುವ ಲಂಪೂಕಿ ಮೀನು ಹಿಡಿಯುವ ಕಾಲ ಮುಗಿಯುತ್ತಾ ಬಂದಿತ್ತು. ದೋಣಿಯನ್ನು ಗೂಟಕ್ಕೆ ಕಟ್ಟುತ್ತಿರುವಾಗಲೇ ಇಗರ್ಜಿಯ ಗಂಟೆ ಬಡಿಯಿತು. ಒಂದು ಬಡಿತ, ಉದ್ದನೆಯ ಮೌನ, ಮತ್ತೊಂದು ಬಡಿತ. ಸಾವಿನ ಗಂಟೆ. ವಿಸ್ತಿನ್ ಟೊಪ್ಪಿಗೆ ತೆಗೆದ.

ಪಾದ್ರಿ ಡುನ್ ಅಂಜ್ಲು ಕೈಯಲ್ಲಿ ಸಾಯುವವರಿಗೆ ಹಚ್ಚುವ ಎಣ್ಣೆಯ ಬಟ್ಟಲು ಹಿಡಿದು ದಕ್ಕೆಯ ಮೇಲೆ ಹಾದುಹೋಗುತ್ತಿದ್ದರು. ಅವರು ಊರಿಗೆ ಬಂದು ಮೂರೇ ವಾರವಾಗಿತ್ತು. ಪಾದ್ರಿಗಳನ್ನು ಇಲ್ಲಿ ಡುನ್ ಎಂದೇ ಕರೆಯುತ್ತಾರೆ.

"ಯಾರು ಹೋದ್ರು, ಡುನ್?" ಎಂದ ವಿಸ್ತಿನ್.

"ಝಾರೆನ್ ಮಲ್ಲಿಯಾ. ಐವತ್ತೆಂಟೇ ವರ್ಷ, ಪಾಪ. ನಿಮ್ಮ ಕಡೆಯವರೇ ಅಲ್ವಾ? ದೇವರು ನಿಮಗೆ ಧೈರ್ಯ ಕೊಡಲಿ."

ಮರ್ಸೆಟ್ಟಾದಲ್ಲಿ ಝಾರೆನ್ ಮಲ್ಲಿಯಾ ಎಂಬವರು ಇಬ್ಬರು. ಇಬ್ಬರೂ ಒಂದೇ ವರ್ಷ ಹುಟ್ಟಿದವರು. ಮೊದಲಿಗನಾಗಲಿ ಎರಡನೆಯವನಾಗಲಿ, ಮನೆಗೊಬ್ಬ ಗಂಡು ಅಜ್ಜನ ಹೆಸರು ಹೊರಲೇಬೇಕು ಎಂಬುದು ಇಲ್ಲಿನ ಕಟ್ಟಳೆ. ಅಜ್ಜ ಒಬ್ಬನೇ ಆದದ್ದರಿಂದ ಮೊಮ್ಮಕ್ಕಳಿಗೆಲ್ಲ ಒಂದೇ ಹೆಸರು. ಒಬ್ಬ ಬೇಕರಿ ಇಟ್ಟಿದ್ದ ರೊಟ್ಟಿ ಝಾರೆನ್, ವಿಸ್ತಿನ್‌ನ ದೊಡ್ಡಪ್ಪನ ಮಗ. ಇನ್ನೊಬ್ಬ ಉದ್ದ ಕಾಲಿನ ಕೊಕ್ಕರೆ ಝಾರೆನ್, ವಿಸ್ತಿನ್‌ನ ಒಡಹುಟ್ಟಿದ ತಮ್ಮ. ಅಡ್ಡಹೆಸರಿಲ್ಲದೆ ಇಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ, ಸಮಾಧಿ ಕಲ್ಲಿನ ಮೇಲೂ ಅದನ್ನೇ ಕೆತ್ತಿಸುತ್ತಾರೆ. ಆದರೆ ಮೂರು ವಾರದಲ್ಲಿ ಊರಿನ ಅಡ್ಡಹೆಸರುಗಳನ್ನು ಕಲಿಯಲು ಪಾದ್ರಿಯೇನು ಸರ್ವಜ್ಞನೇ?

"ಯಾವ ಝಾರೆನ್?" ಎರಡೇ ಮಾತು. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ವಿಸ್ತಿನ್ ಕೇಳಲಿಲ್ಲ. ಹನ್ನೊಂದು ವರ್ಷದಿಂದ ಅವನು ತಮ್ಮನ ಬಗ್ಗೆ ಯಾರನ್ನೂ ಏನನ್ನೂ ಕೇಳಿದವನಲ್ಲ. ಅವನೆದುರು ಆ ಹೆಸರು ಎತ್ತುವುದನ್ನು ಊರವರೂ ಬಿಟ್ಟಿದ್ದರು. ರೊಟ್ಟಿ ಝಾರೆನ್ ಹಾಸಿಗೆ ಹಿಡಿದು ಎರಡು ದಿನವಾಗಿತ್ತು ಎಂಬ ಸುದ್ದಿ ಕಡಲಲ್ಲಿದ್ದ ಇವನನ್ನು ಮುಟ್ಟಿರಲಿಲ್ಲ. ಅವನು ಓರೆಗಣ್ಣಿನಲ್ಲಿ ಆಚೆ ಗೂಟದ ಕಡೆ ನೋಡಿದ. ತಮ್ಮನ ದೋಣಿ ಅಲ್ಲೇ ಕಟ್ಟಿ ನಿಂತಿತ್ತು. ಇಂಥ ತಿಳಿ ಬೆಳಗಿನಲ್ಲಿ ಕೊಕ್ಕರೆ ಝಾರೆನ್ ಕಡಲಿಗಿಳಿಯದೆ ಉಳಿದಿದ್ದು ಯಾವತ್ತಾದರೂ ಉಂಟೇ? ಸತ್ತದ್ದು ತಮ್ಮನೇ ಎಂದು ವಿಸ್ತಿನ್ ತೀರ್ಮಾನಿಸಿಬಿಟ್ಟ.

ಹನ್ನೊಂದು ವರ್ಷದ ಜಗಳ ಒಂದು ಕಹಳೆಯದು. ಇವರ ಅಪ್ಪ ಸಂತ ಪೇತ್ರನ ಬ್ಯಾಂಡಿನಲ್ಲಿ ನಲವತ್ತು ವರ್ಷ ಕಹಳೆ ಊದಿದವನು. ಸಾಯುವಾಗ ಅದನ್ನು ಝಾರೆನ್‌ಗೆ ಕೊಟ್ಟ. ವಿಸ್ತಿನ್‌ಗೆ ಉಸಿರಿತ್ತು, ಕಿವಿಯಿರಲಿಲ್ಲ. ಅದೇನೂ ಬೇಸರವಲ್ಲ. ಆದರೆ ಝಾರೆನ್ ಒಂದು ದಿನ ಬ್ಯಾಂಡಿನ ಮೇಷ್ಟ್ರ ಜೊತೆ ಜಗಳವಾಡಿ, ಕಹಳೆ ಬಗಲಲ್ಲಿಟ್ಟುಕೊಂಡು ನಕ್ಷತ್ರ ಬ್ಯಾಂಡಿಗೆ ಹೊರಟುಹೋದ. ನಕ್ಷತ್ರ ಬ್ಯಾಂಡು! ಎದುರು ಬೀದಿಯ ಆ ಬ್ಯಾಂಡಿನವರು ಕುಳಿತ ಬೆಂಚಿನ ಮೇಲೆ ಅಪ್ಪ ಒರೆಸದೆ ಕೂರುತ್ತಿರಲಿಲ್ಲ. ಅಪ್ಪನ ಉಸಿರು ಒಳಗಿರುವ ಕಹಳೆ ಅವರ ಹಬ್ಬದಲ್ಲಿ ಮೊಳಗಿದ ದಿನ ವಿಸ್ತಿನ್ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿದ. ಅಂದಿನಿಂದ ಅಣ್ಣ ತಮ್ಮ ಮಾತಿಲ್ಲ. ಹಗ್ಗ ಎಸೆಯಬೇಕಾದರೂ ಮೂರನೆಯವನ ಕೈಗೆ ಎಸೆಯುತ್ತಿದ್ದರು, ಅವನು ಇನ್ನೊಬ್ಬನಿಗೆ ದಾಟಿಸುತ್ತಿದ್ದ. ಹಠ ಅಂದರೆ ಹೀಗಿರಬೇಕು. ಅರ್ಧಂಬರ್ಧ ಮುನಿಸಿನ ಜನ ನನಗೆ ಹಿಡಿಸುವುದಿಲ್ಲ.

ಮನೆಗೆ ಹೋದರೆ ಹೆಂಡತಿ ತೋನಾ ಇರಲಿಲ್ಲ. ಅವಳು ಎರಡು ದಿನದಿಂದ ರೊಟ್ಟಿ ಝಾರೆನ್‌ನ ಮನೆಯಲ್ಲಿ ರೋಗಿಯ ಆರೈಕೆಗೆ ನಿಂತಿದ್ದಳು. ವಿಸ್ತಿನ್ ಅದನ್ನೂ ತಪ್ಪಾಗಿ ಅರ್ಥ ಮಾಡಿಕೊಂಡ: ತಮ್ಮನ ಹೆಂಡತಿ ವಿತೊರಿನ್ ಜೊತೆ ಇವಳು ಕದ್ದು ಮಾತಾಡುವುದು ತನಗೆ ಗೊತ್ತಿಲ್ಲ ಎಂದುಕೊಂಡಿದ್ದಾಳೆ, ಈಗ ಅಲ್ಲಿಗೇ ಹೋಗಿರುತ್ತಾಳೆ, ಹೋಗಲಿ. ಹಿತ್ತಿಲ ಗೂಡಿನಿಂದ ಕಪ್ಪು ಬಣ್ಣದ ಡಬ್ಬಿ ತೆಗೆದ. ಅಮ್ಮ ಸತ್ತಾಗ ತಂದಿದ್ದ ಡಬ್ಬಿ. ಮೇಲೆ ಕಟ್ಟಿದ್ದ ಕೆನೆಯನ್ನು ಚಾಕುವಿನಿಂದ ಸೀಳಿ, ಸೀಮೆಎಣ್ಣೆ ಬೆರೆಸಿ ಕಲಕಿದ.

ದಕ್ಕೆಯ ಮೇಲೆ ಬಲೆ ಹೆಣೆಯುತ್ತಾ ಕೂತವರು ಅವನನ್ನು ಕಂಡರು. ಕಪ್ಪು ಕುಂಚ ಹಿಡಿದವನನ್ನು ಮಾತಾಡಿಸುವ ಪದ್ಧತಿ ಇಲ್ಲ. ಒಬ್ಬೊಬ್ಬರಾಗಿ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ತಮ್ಮ ಕೆಲಸ ಮುಂದುವರಿಸಿದರು. ವಿಸ್ತಿನ್ ಬಳಿದ. ಬಲಗಡೆಯ ಮೀಸೆ, ಆಮೇಲೆ ಎಡಗಡೆಯದು. "ಝಾರೆನ್," ಎಂದು ಒಂದು ಎಳೆತ. "ಝಾರೆನ್," ಎಂದು ಇನ್ನೊಂದು. ಹನ್ನೊಂದು ವರ್ಷ ಬಾಯಿಂದ ಬಾರದಿದ್ದ ಹೆಸರು ಆ ಒಂದು ಗಂಟೆಯಲ್ಲಿ ನೂರು ಸಲ ಬಂತು. ಚಿಕ್ಕಂದಿನಲ್ಲಿ ಇದೇ ದಕ್ಕೆಯಿಂದ ಅವನನ್ನು ನೀರಿಗೆ ನೂಕಿ ಈಜು ಕಲಿಸಿದ್ದು ನೆನಪಾಯಿತು. ಕಣ್ಣಿಂದ ಇಳಿದದ್ದನ್ನು ತೋಳಿನಿಂದ ಒರೆಸಿಕೊಂಡ, ಕೆನ್ನೆಗೂ ಕಪ್ಪು ಮೆತ್ತಿತು.

ಆಮೇಲೆ ಕರಿ ಕೋಟು ತೊಟ್ಟು ತಮ್ಮನ ಮನೆಗೆ ನಡೆದ. ಸಾವಿನ ಮನೆಯ ಬಾಗಿಲು ಅರ್ಧ ಮುಚ್ಚಿರಬೇಕು. ಇದು ಪೂರ್ತಿ ಮುಚ್ಚಿತ್ತು. ಏನೋ ವಿಚಿತ್ರ ಅನ್ನಿಸಿದರೂ ಬಡಿದ.

ಬಾಗಿಲು ತೆರೆಯಿತು. ಕೊಕ್ಕರೆ ಝಾರೆನ್ ಬನಿಯನ್ನು ತೊಟ್ಟು, ಕೆನ್ನೆ ತುಂಬ ಸೋಪಿನ ನೊರೆ ಬಳಿದುಕೊಂಡು, ಕೈಯಲ್ಲಿ ಕ್ಷೌರದ ಕತ್ತಿ ಹಿಡಿದು ನಿಂತಿದ್ದ.

"ಏನು?" ಎಂದ ಝಾರೆನ್. ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

ವಿಸ್ತಿನ್ ಟೊಪ್ಪಿಗೆ ತೆಗೆದ. "ದಾರಿ ತಪ್ಪಿತು," ಎಂದ.

ಝಾರೆನ್ ಅಣ್ಣನ ಮುಖ ನೋಡಿದ. ಅವನ ಕರಿ ಕೋಟು ನೋಡಿದ. ಟೊಪ್ಪಿಗೆ ಹಿಡಿದ ಬೆರಳುಗಳನ್ನು ನೋಡಿದ. "ಮೂರೇ ಬೀದಿಯ ಈ ಊರಲ್ಲಿ?"

"ಹೂಂ," ಎಂದು ವಿಸ್ತಿನ್ ತಿರುಗಿ ನಡೆದ.

ಬೀದಿಯ ತಿರುವಿನಲ್ಲಿ ಗೋಡೆಗೆ ಒರಗಿ ನಿಂತ. ಸತ್ತದ್ದು ರೊಟ್ಟಿ ಝಾರೆನ್, ಅವನಿಗಾಗಿಯೇ ಇವನು ಇವತ್ತು ಕಡಲಿಗಿಳಿಯದೆ ಉಳಿದದ್ದು. ಬದುಕಿದ್ದಾನೆ. ಆ ಹಾಳು ಕೊಕ್ಕರೆ ಬದುಕಿದ್ದಾನೆ, ಗಡ್ಡ ಹೆರೆಯುತ್ತಿದ್ದಾನೆ! ಇಷ್ಟು ಸಂತೋಷ ವಿಸ್ತಿನ್‌ಗೆ ಮದುವೆಯ ದಿನವೂ ಆಗಿರಲಿಲ್ಲ. ಒಬ್ಬನೇ ನಿಂತು ನಕ್ಕ. ಹಾಗೆ ನಗುತ್ತಿರುವಾಗಲೇ ದಕ್ಕೆಯಲ್ಲಿ ಬಿಸಿಲಿಗೆ ಒಣಗುತ್ತಿರುವ ಮೀಸೆ ನೆನಪಾಗಿ ನಗು ನಿಂತುಹೋಯಿತು.

ಸಂಜೆ ರೊಟ್ಟಿ ಝಾರೆನ್‌ನನ್ನು ಮಣ್ಣು ಮಾಡಿ ಬಂದವರೆಲ್ಲ ದಕ್ಕೆಯಲ್ಲಿ ಸೇರಿದರು. ಬಲೆ ಹೆಣೆಯುವ ಸಾಲ್ವು ಇದ್ದ. ಮುಳ್ಳು ಎಂಬುದು ಅವನ ಅಡ್ಡಹೆಸರು, ಸುಮ್ಮನೆ ಬಂದದ್ದಲ್ಲ.

"ಅಲ್ಲಯ್ಯಾ ವಿಸ್ತಿನ್," ಎಂದ ಸಾಲ್ವು, "ದೊಡ್ಡಪ್ಪನ ಮಗನಿಗೆ ಮೀಸೆ ಕಪ್ಪು ಮಾಡೋ ಪದ್ಧತಿ ಯಾವಾಗ ಬಂತು? ನಮಗೆ ಹೇಳಲೇ ಇಲ್ಲ."

"ನನ್ನ ದೋಣಿ, ನನ್ನ ಬಣ್ಣ."

"ಅದು ಸರಿ. ಆದ್ರೆ ರೊಟ್ಟಿ ಸೀದುಹೋಗಿದೆ ಅಂತ ಹತ್ತು ವರ್ಷ ಅವನಂಗಡಿ ಮೆಟ್ಟಿಲು ಹತ್ತಿದವನಲ್ಲ ನೀನು. ಇದ್ದಕ್ಕಿದ್ದಂತೆ ಇಷ್ಟೊಂದು ಪ್ರೀತಿ ಉಕ್ಕಿಬಿಡ್ತಾ?"

"ಒಳ್ಳೆ ಮನುಷ್ಯ ಕಣೋ ಅವನು."

"ಹೌದಪ್ಪಾ, ಇನ್ನೇನು! ಸತ್ತ ಮೇಲೆ ರೊಟ್ಟಿನೂ ಚೆನ್ನಾಗಿ ಬೆಂದಿರುತ್ತೆ," ಎಂದ ಸಾಲ್ವು. ಎಲ್ಲರೂ ನಕ್ಕರು. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗತ್ತಿನಲ್ಲಿ ವಿಸ್ತಿನ್ ಎದೆಯುಬ್ಬಿಸಿ ಮನೆಗೆ ನಡೆದ.

ತೋನಾಳ ಮುಂದೆ ಗತ್ತು ನಡೆಯಲಿಲ್ಲ. ಅವಳು ಟೊಮೆಟೊ ತಿಕ್ಕಿ ಎಣ್ಣೆ ಸುರಿದ ರೊಟ್ಟಿಯನ್ನು ಅವನ ಮುಂದೆ ಕುಕ್ಕಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಝಾರೆನ್‌ಗೆ ಅಂದ್ಕೊಂಡು ಬಳಿದೆ, ಅಲ್ವಾ? ನಮ್ಮ ಝಾರೆನ್‌ಗೆ."

ವಿಸ್ತಿನ್ ರೊಟ್ಟಿ ಮುರಿದ.

"ತೆಗಿ ಅದನ್ನ. ಈಗಲೇ ಹೋಗಿ ಕೆರೆದುಬಿಡು."

"ಒಂದು ವರ್ಷ ಇರಬೇಕಾದ್ದನ್ನ ಒಂದೇ ದಿನಕ್ಕೆ ಕೆರೆದ್ರೆ ಊರಿಗೆಲ್ಲ ಗೊತ್ತಾಗುತ್ತೆ."

"ಗೊತ್ತಾಗ್ಲಿ."

"ಅವನಿಗೆ ಗೊತ್ತಾಗುತ್ತೆ!"

ತೋನಾ ಕುರ್ಚಿ ಎಳೆದು ಕೂತಳು. ದನಿ ತಗ್ಗಿಸಿದಳು. "ವಿಸ್ತಿನ್, ಬದುಕಿರೋನಿಗೆ ಕಪ್ಪು ಬಳಿದಿದ್ದೀಯ. ದೋಣಿಗೆ ಕಣ್ಣಿಟ್ಟಿರೋದು ಚಂದಕ್ಕಾ? ಅದು ಎಲ್ಲ ನೋಡುತ್ತೆ. ಮೀಸೆ ಕಪ್ಪಾದ್ರೆ ಅದಕ್ಕೆ ಒಂದು ಜೀವ ಲೆಕ್ಕ ಸಿಗಬೇಕು."

"ರೊಟ್ಟಿ ಝಾರೆನ್ ಹೋದನಲ್ಲ, ಸಿಕ್ಕಿತು."

"ಬಳಿಯುವಾಗ ನೀನು ಯಾರನ್ನ ನೆನೆಸ್ಕೊಂಡೆ ಅಂತ ದೋಣಿಗೆ ಗೊತ್ತಿಲ್ವಾ?"

ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಮರ್ಸೆಟ್ಟಾದ ಪ್ರತಿ ಗಂಡಸೂ ಹೇಳುತ್ತಾನೆ. ಹೇಳುತ್ತಲೇ ದೋಣಿಗೆ ಕಾಲಿಡುವ ಮೊದಲು ಅದರ ಕಣ್ಣು ಮುಟ್ಟಿ ನಮಸ್ಕರಿಸುತ್ತಾನೆ.

ಆಮೇಲಿನ ಮೂರು ದಿನ ಅವನಿಗೆ ಊಟ ರುಚಿಸಲಿಲ್ಲ. ಕಪ್ಪು ಮೀಸೆಯ ದೋಣಿಯನ್ನು ನೀರಿಗಿಳಿಸಲು ಮನಸ್ಸು ಬಾರದೆ ದಡಕ್ಕೆಳೆದು ನಿಲ್ಲಿಸಿದ. ಬೆಳಗ್ಗೆ ಕಟ್ಟೆಯ ಮೇಲೆ ಕೂತು, ಝಾರೆನ್‌ನ ದೋಣಿ ಅಲೆತಡೆ ಗೋಡೆ ದಾಟುವುದನ್ನು ನೋಡುವನು. ಮಧ್ಯಾಹ್ನ ಅದು ತಿರುಗಿ ಬಂದಾಗ ಎದ್ದು ಮನೆಗೆ ಹೋಗುವನು. ಹೋಗುವಾಗ ಬರುವಾಗ ಝಾರೆನ್ ಆ ಕಪ್ಪಿನ ಕಡೆ ಕಣ್ಣು ಹಾಯಿಸುತ್ತಿದ್ದ, ಏನೂ ಹೇಳುತ್ತಿರಲಿಲ್ಲ. ದೊಡ್ಡಪ್ಪನ ಮಗನಿಗೆ ಎಂದೇ ನಂಬಿದ್ದಾನೆ, ಬಚಾವಾದೆ, ಎಂದುಕೊಂಡ ವಿಸ್ತಿನ್. ಕತ್ತಲಲ್ಲಿ ಬಂದು ಯಾರಿಗೂ ಕಾಣದಂತೆ ಕೆರೆದುಬಿಡಲೇ ಎಂದೂ ಯೋಚಿಸಿದ. ಬೆಳಗಾದರೆ ಸಾಲ್ವುವಿನ ಕಣ್ಣಿಗೆ ಬೀಳದೆ ಇರುತ್ತದೆಯೇ? ಮಾನ ಒಂದು ಕಡೆ ಎಳೆಯಿತು, ಭಯ ಇನ್ನೊಂದು ಕಡೆ. ಇದುವರೆಗೆ ಮಾನವೇ ಗೆದ್ದಿತ್ತು.

ಭಾನುವಾರ ಬೆಳಗ್ಗೆ ಪೂಜೆ ಮುಗಿಯುವ ಹೊತ್ತಿಗೆ ಈಶಾನ್ಯದಿಂದ ಗ್ರಿಗಾಲ್ ಎದ್ದಿತು. ಆ ಗಾಳಿಯ ಹೆಸರು ಕೇಳಿದರೆ ಇಲ್ಲಿನ ಮುದುಕಿಯರು ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಭಾನುವಾರ ಯಾರೂ ಮೀನಿಗೆ ಹೋಗುವುದಿಲ್ಲ, ಆದರೆ ಶನಿವಾರ ಬಿಟ್ಟಿದ್ದ ಬಲೆ ಎಳೆದು ತರಲು ನಾಲ್ಕು ದೋಣಿ ಮುಂಜಾನೆಯೇ ಹೊರಟಿದ್ದವು. ಹತ್ತು ಗಂಟೆಗೆ ಮೂರು ದೋಣಿ ಮರಳಿದವು.

"ಕೊಕ್ಕರೆ ಎಲ್ಲಿ?" ಎಂದು ಯಾರೋ ಕೂಗಿದರು.

"ಹಿಂದೆ ಇದ್ದ. ಎಂಜಿನ್ ಕೆಮ್ಮುತ್ತಿತ್ತು. ಆಮೇಲೆ ಅಲೆಯಲ್ಲಿ ಕಾಣಲಿಲ್ಲ."

ಪೂಜೆಯಿಂದ ಬಂದ ಇಡೀ ಊರು ಭಾನುವಾರದ ಬಟ್ಟೆಯಲ್ಲೇ ದಕ್ಕೆಗಿಳಿಯಿತು. ಅಲೆಗಳು ತಡೆಗೋಡೆ ಹತ್ತಿ ಈಚೆ ಬೀಳುತ್ತಿದ್ದವು. ವಿತೊರಿನ್ ಶಾಲು ಬಿಗಿಹಿಡಿದು ನಿಂತಿದ್ದಳು, ತೋನಾ ಎಲ್ಲರೆದುರೇ ಹೋಗಿ ಅವಳ ಕೈ ಹಿಡಿದಳು. ವಿಸ್ತಿನ್ ತನ್ನ ದೋಣಿಯನ್ನು ನೀರಿಗೆ ನೂಕತೊಡಗಿದ. ಸಾಲ್ವು ಮತ್ತು ಇನ್ನಿಬ್ಬರು ಅವನನ್ನು ತಬ್ಬಿ ಹಿಡಿದರು.

"ಹುಚ್ಚಾ ನಿಂಗೆ? ಗೋಡೆ ದಾಟೋಕೆ ಮುಂಚೆ ಮಗುಚಿಕೊಳ್ತೀಯ. ಒಂದು ಮನೆಯಿಂದ ಎರಡು ಹೆಣ ಬೇಕಾ ನಮಗೆ?"

ಹೆಣ ಎಂಬ ಮಾತು ಕೇಳಿದ್ದೇ ವಿಸ್ತಿನ್ ಕೊಸರಾಡುವುದನ್ನು ನಿಲ್ಲಿಸಿದ. ತಿರುಗಿ ದೋಣಿಯ ಮೂತಿ ನೋಡಿದ. ಕಪ್ಪು ಮೀಸೆಯ ಮೇಲಿಂದ ಆ ಕಣ್ಣು ಕಡಲನ್ನೇ ನೋಡುತ್ತಿತ್ತು. ದೋಣಿಯೊಳಗಿಂದ ಕೆರೆಯುವ ತಗಡು ಎತ್ತಿಕೊಂಡು, ಭಾನುವಾರದ ಕೋಟಿನಲ್ಲೇ ಮಂಡಿಯೂರಿ, ಬರಬರನೆ ಕೆರೆಯತೊಡಗಿದ. ಕಪ್ಪು ಚಕ್ಕೆಗಳು ಗಾಳಿಗೆ ಹಾರಿ ಜನರ ಮೈಮೇಲೆ ಬಿದ್ದವು.

"ವಿಸ್ತಿನ್, ಏನ್ ಮಾಡ್ತಿದ್ದೀಯ? ಬಳಿದು ನಾಲ್ಕೇ ದಿನ ಆಗಿರೋದು," ಎಂದ ಸಾಲ್ವು.

"ಇದು ರೊಟ್ಟಿಯವನಿಗೆ ಬಳಿದದ್ದಲ್ಲ!" ವಿಸ್ತಿನ್ ತಿರುಗದೆ ಕೂಗಿದ. "ನನ್ನ ತಮ್ಮನಿಗೆ ಬಳಿದದ್ದು! ಸತ್ತ ಅಂದ್ಕೊಂಡೆ. ಅತ್ಕೊಂಡು ಬಳಿದೆ. ಕೇಳಿಸ್ತಾ ಎಲ್ರಿಗೂ? ಬದುಕಿರೋ ನನ್ನ ತಮ್ಮನಿಗೆ ನಾನೇ ಕಪ್ಪು ಬಳಿದೆ. ಈಗ ನಗ್ರಿ, ಎಷ್ಟು ಬೇಕೋ ಅಷ್ಟು ನಗ್ರಿ!"

ಯಾರೂ ನಗಲಿಲ್ಲ. ಮುಳ್ಳು ಸಾಲ್ವು ಕೂಡ. ಅವನು ತನ್ನ ದೋಣಿಮನೆಗೆ ಓಡಿ ಹಳದಿ ಬಣ್ಣದ ಡಬ್ಬಿ ತಂದ. ಇನ್ನೊಬ್ಬ ಕುಂಚ ತಂದ. ನಕ್ಷತ್ರ ಬ್ಯಾಂಡಿನ ಡೋಲಿನವನು, ಹನ್ನೊಂದು ವರ್ಷ ವಿಸ್ತಿನ್‌ನ ಬೈಗುಳ ತಿಂದವನು, ತನ್ನ ಹೊಸ ಕೋಟು ಬಿಚ್ಚಿ ಗಾಳಿಗೆ ಅಡ್ಡ ಹಿಡಿದು ನಿಂತ. ಒಬ್ಬ ಕೆರೆದ, ಒಬ್ಬ ಒರೆಸಿದ, ಒಬ್ಬ ಬಳಿದ. ಉಪ್ಪುನೀರು ಸಿಡಿದು ಹಳದಿ ಇಳಿಯುತ್ತಿತ್ತು, ಮತ್ತೆ ಬಳಿಯುತ್ತಿದ್ದರು. ಆ ಜನರ ನಡುವೆ ಹುಟ್ಟಿದ್ದಕ್ಕೆ ನಾನು ಹೆಮ್ಮೆಪಟ್ಟ ದಿನಗಳಲ್ಲಿ ಅದೂ ಒಂದು.

ಹನ್ನೆರಡಾಯಿತು, ಎರಡಾಯಿತು. ಬಲಗಡೆಯ ಮೀಸೆ ಪೂರ್ತಿ ಹಳದಿಯಾಯಿತು. ಎಡಗಡೆಯದರಲ್ಲಿ ಒಂದು ಗೇಣು ಕಪ್ಪು ಉಳಿದಿದ್ದಾಗ ಗೋಡೆಯ ಮೇಲಿದ್ದ ಹೆಂಗಸರು ಕಿರುಚಿದರು.

"ಬಂದ! ಹುಟ್ಟು ಹಾಕ್ಕೊಂಡು ಬರ್ತಿದ್ದಾನೆ!"

ಎಂಜಿನ್ನಿಗೆ ನೀರು ಹೊಕ್ಕು ಅದು ನಿಂತುಹೋಗಿತ್ತು. ಝಾರೆನ್ ಆಚೆಯ ಬಂಡೆದ್ವೀಪದ ಮರೆಯಲ್ಲಿ ಲಂಗರು ಬಿಟ್ಟು ಕೂತು, ಗಾಳಿ ತುಸು ಬಗ್ಗಿದ ಮೇಲೆ ಹುಟ್ಟು ಹಾಕಿಕೊಂಡೇ ಬಂದಿದ್ದ. ಅಂಗೈ ಎರಡೂ ಸುಲಿದಿತ್ತು. ಹಗ್ಗ ಎಸೆದ. ಅಭ್ಯಾಸಬಲದಿಂದ ಸಾಲ್ವು ಕೈ ಚಾಚಿದ, ಆದರೆ ವಿಸ್ತಿನ್ ಅವನನ್ನು ಭುಜದಿಂದ ಪಕ್ಕಕ್ಕೆ ತಳ್ಳಿ ತಾನೇ ಹಿಡಿದ.

ವಿತೊರಿನ್ ಗಂಡನನ್ನು ತಬ್ಬಿ, ಬೈದು, ಅತ್ತು ಮುಗಿಸಿದ ಮೇಲೆ ಝಾರೆನ್ ಅಣ್ಣನ ದೋಣಿಯ ಹತ್ತಿರ ಬಂದ. ಜನ ತಾವಾಗಿ ನಾಲ್ಕು ಹೆಜ್ಜೆ ಹಿಂದೆ ಸರಿದರು. ಕಿವಿ ಮಾತ್ರ ಅಲ್ಲೇ ಇಟ್ಟಿದ್ದರು.

"ಕೆರೆದುಬಿಟ್ಯಾ?" ಎಂದ ಝಾರೆನ್.

"ಅದು ನಿನಗೆ ಬಳಿದದ್ದು," ಎಂದ ವಿಸ್ತಿನ್, ನೆಲ ನೋಡುತ್ತಾ. "ತಪ್ಪಾಯ್ತು."

"ನನಗೆ ಗೊತ್ತಿತ್ತು."

"ಯಾವಾಗಿಂದ?"

"ಬಾಗಿಲು ತೆರೆದಾಗಿಂದ. ಹನ್ನೊಂದು ವರ್ಷ ಮುಖ ನೋಡದೋನು ಕರಿ ಕೋಟು ಹಾಕ್ಕೊಂಡು, ಬೆರಳಿಗೆ ಕೆನ್ನೆಗೆ ಕಪ್ಪು ಮೆತ್ಕೊಂಡು ಬಾಗಿಲಲ್ಲಿ ನಿಂತಿದ್ದೀಯ. ನಾನೇನು ಕುರುಡನಾ?"

"ಮತ್ತೆ ಯಾಕೋ ಸುಮ್ನಿದ್ದೆ? ಬೈಯಬಹುದಿತ್ತಲ್ಲ. ಅಪಶಕುನ ಅಂತ ಕೂಗಾಡಬಹುದಿತ್ತಲ್ಲ. ಮೂರು ದಿನ ಸತ್ತು ಬದುಕಿದೆ ನಾನು!"

ಝಾರೆನ್ ಸುಲಿದ ಅಂಗೈಗಳನ್ನು ನೋಡಿಕೊಂಡ. ಉದ್ದ ಕಾಲುಗಳನ್ನು ಮಡಿಸಿ ಅಣ್ಣನ ಪಕ್ಕದಲ್ಲಿ ಮಂಡಿಯೂರಿದ.

"ನೋಡೋಕೆ ಚೆನ್ನಾಗಿತ್ತು, ಅಣ್ಣಾ," ಎಂದ. "ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ ನೋಡ್ತಿದ್ದೆ. ಇದು ನನಗೆ ಅಂತ. ಇದನ್ನ ಬದುಕಿದ್ದು ನೋಡೋ ಭಾಗ್ಯ ಯಾರಿಗಿದೆ ಹೇಳು?"

ನಾಲ್ಕು ಜನರೆದುರು ಗಂಡಸು ಅಳಬಾರದು, ವಿಸ್ತಿನ್ ಇಡೀ ಊರಿನೆದುರು ಅತ್ತ. ಉಳಿದಿದ್ದ ಗೇಣುದ್ದ ಕಪ್ಪಿನ ಕಡೆ ತಗಡು ಚಾಚಿದ. ಝಾರೆನ್ ಅದನ್ನು ಅವನ ಕೈಯಿಂದ ಕಿತ್ತುಕೊಂಡ.

"ಕೊಡಿಲ್ಲಿ. ಇದು ನಂದು, ನಾನೇ ಕೆರೀತೀನಿ."

ಕೆರೆದ. ವಿಸ್ತಿನ್ ಹಿಂದೆಯೇ ಹಳದಿ ಬಳಿಯುತ್ತಾ ಬಂದ. ಕೊನೆಯ ಚಕ್ಕೆ ಉದುರಿದ ಮೇಲೆ, ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸುತ್ತಾ ವಿಸ್ತಿನ್ ಕೇಳಿದ:

"ಅಪ್ಪನ ಕಹಳೆ ವಾಪಸ್ ತರ್ತೀಯಾ ನಮ್ಮ ಬ್ಯಾಂಡಿಗೆ?"

"ಪ್ರಾಣ ಹೋದ್ರೂ ಇಲ್ಲ," ಎಂದ ಝಾರೆನ್.

"ಥೂ, ಹಾಳು ಕೊಕ್ಕರೆ," ಎಂದ ವಿಸ್ತಿನ್. ಆಮೇಲೆ ತಮ್ಮನ ಸುಲಿದ ಅಂಗೈ ಹಿಡಿದು ಎಬ್ಬಿಸಿ, ಎಣ್ಣೆ ಹಚ್ಚಲು ಮನೆಗೆ ಕರೆದುಕೊಂಡು ಹೋದ.